ಎರಡು ಮೂಟೆ ಸಿಮೆಂಟು

ನನ್ನ ಹೆಂಡತಿಯ ತವರು ಬೇಲೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಬಸ್ಸಿಳಿದು ಕೆರೆ ಏರಿ ಮೇಲೆ ಹತ್ತು ನಿಮಿಷ ನಡೆದರೆ ಒಂದು ಅರಳಿ ಮರ, ಅದರ ಕೆಳಗೆ ಒಂದು ವೀರಗಲ್ಲು. ಊರಲ್ಲಿ ಯಾರೂ ಅದನ್ನು ವೀರಗಲ್ಲು ಅನ್ನುವುದಿಲ್ಲ. ಕಲ್ಲಪ್ಪ, ಅಷ್ಟೇ. ಹಸು ಕರು ಹಾಕಿದರೆ ಮೊದಲ ಹಾಲು ಕಲ್ಲಪ್ಪನಿಗೆ. ದೀಪಾವಳಿಗೆ ದನಗಳ ಮೈ ತೊಳೆದು ಅವನ ಮುಂದೆ ಹಾಯಿಸಿಕೊಂಡೇ ಕೊಟ್ಟಿಗೆಗೆ ಹೊಡೆಯುತ್ತಾರೆ. ನಮ್ಮತ್ತೆಗೆ ಎಂಬತ್ತು ದಾಟಿದೆ. ಸೋಮವಾರ ಬಂತೆಂದರೆ ಒಂದು ತಂಬಿಗೆ ನೀರು, ಅಂಗೈಯಲ್ಲಿ ಒಂಚೂರು ಹರಳೆಣ್ಣೆ ತಗೊಂಡು ಹೋಗಿ ಕಲ್ಲಿಗೆ ಸವರಿ ಬರುವುದನ್ನು ಇನ್ನೂ ಬಿಟ್ಟಿಲ್ಲ.

ಹತ್ತು ವರ್ಷದ ಹಿಂದೆ ಊರಿನವರು ಆ ಕಲ್ಲಿನ ಸುತ್ತ ಕಟ್ಟೆ ಕಟ್ಟಿದರು. ನಾನು ಎರಡು ಮೂಟೆ ಸಿಮೆಂಟ್ ಕೊಡಿಸಿದೆ. ಊರಿನ ಅಳಿಯ ಅಲ್ವಾ, ಸುಮ್ನೆ ಕೈಕಟ್ಟಿ ನಿಲ್ಲೋಕಾಗುತ್ತಾ? ಕಲ್ಲಿನ ಬುಡದಲ್ಲಿ ಒಂದು ಪಟ್ಟಿ ಇತ್ತು. ಅದರ ಮೇಲೆ ಎರಡು ಸಾಲು ಅಕ್ಷರ. ಮೇಸ್ತ್ರಿ, "ಇಲ್ಲೀಗಂಟ ಗಾರೆ ಎಳೆದ್ರೆ ಗಟ್ಟಿಯಾಗಿ ಕೂರ್ತದೆ ಸಾರ್" ಅಂದ. "ಎಳಿಯಪ್ಪ" ಅಂದವನು ನಾನೇ. ಕೆಲಸ ಮುಗಿದ ಮೇಲೆ ಒಂದು ಗ್ರಾನೈಟ್ ಹಲಗೆಯಲ್ಲಿ ದಾನಿಗಳ ಹೆಸರು ಕೆತ್ತಿಸಿ ಕಟ್ಟೆಗೆ ಕೂರಿಸಿದರು. ನನ್ನ ಹೆಸರು ಮೂರನೆಯದು, ಇನಿಷಿಯಲ್ ಸಮೇತ.

ಇದೆಲ್ಲ ಈಗ ಯಾಕೆ ಚುಚ್ಚುತ್ತಿದೆ ಅಂದರೆ ಗ್ರೀಕರ ದೆಸೆಯಿಂದ.

ನಾನು ಹಾಸನ–ಬೇಲೂರು–ಚಿಕ್ಕಮಗಳೂರು ರೂಟಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವನು. ಈಗ ಹಾಸನದಲ್ಲಿ ಮನೆ, ಬೇಕಾದಷ್ಟು ಹೊತ್ತು. ತಂಗಿ ಮಗಳು ಹಿಸ್ಟರಿ ಎಂ.ಎ. ಓದುತ್ತಾಳೆ. ಹಳೇ ಗ್ರೀಕರು ತಮ್ಮ ಯುದ್ಧಗಳನ್ನು ಹೇಗೆ ನೆನಪಿಟ್ಟುಕೊಂಡರು ಅಂತ ಅವಳಿಗೊಂದು ಸೆಮಿನಾರ್ ಇತ್ತು. "ಮಾವ, ನೀವು ಓದಿ ಕಥೆ ಹೇಳಿ, ನಾನು ಬರ್ಕೋತೀನಿ" ಅಂತ ಪುಸ್ತಕಗಳನ್ನು ನನ್ನ ಮೇಜಿನ ಮೇಲೆ ಹೇರಿ ಹೋದಳು. ಹುಷಾರು ಹುಡುಗಿ.

ಮ್ಯಾರಥಾನ್ ಅಂದರೆ ನನಗೆ ಬರೀ ಓಟದ ಹೆಸರಾಗಿತ್ತು. ಅದು ಅಥೆನ್ಸ್ ಹತ್ತಿರದ ಒಂದು ಬಯಲು. ಕ್ರಿ.ಪೂ. 490ರಲ್ಲಿ ಪರ್ಷಿಯಾದವರ ಜೊತೆ ಅಲ್ಲಿ ಕಾದಾಟ ನಡೆದು ಅಥೆನ್ಸಿನ 192 ಜನ ಸತ್ತರು. ಅವರನ್ನು ಅಲ್ಲೇ ಸುಟ್ಟು, ಮೇಲೆ ಮಣ್ಣು ಸುರಿದು ಗುಡ್ಡೆ ಮಾಡಿದರು. ಆ ಗುಡ್ಡೆ ಇವತ್ತಿಗೂ ಇದೆ. ಅದರ ಮೇಲೆ ಕಲ್ಲು ನೆಟ್ಟು ಪಂಗಡಪ್ರಕಾರ ಹೆಸರು ಕೆತ್ತಿದ್ದರಂತೆ.

ಆಮೇಲಿನ ಯುದ್ಧಗಳಲ್ಲಿ ಅಥೆನ್ಸಿನವರು ಮೂಳೆಗಳನ್ನು ಊರಿಗೇ ತರುವ ಪದ್ಧತಿ ಇಟ್ಟುಕೊಂಡರು. ಮೂರು ದಿನ ಡೇರೆಯಲ್ಲಿ ಇಡುವುದು, ಮನೆಯವರು ಬಂದು ತಮ್ಮವರಿಗೆ ಏನು ಬೇಕೋ ಅರ್ಪಿಸುವುದು. ಹತ್ತು ಪಂಗಡಕ್ಕೆ ಸೈಪ್ರೆಸ್ ಮರದ ಹತ್ತು ಪೆಟ್ಟಿಗೆ, ಪೆಟ್ಟಿಗೆಗಳು ಗಾಡಿಯ ಮೇಲೆ. ಜೊತೆಗೆ ಒಂದು ಖಾಲಿ ಮಂಚ, ಅದಕ್ಕೆ ಹಾಸಿಗೆ ಹಾಸಿರುತ್ತಿತ್ತು. ಹೆಣ ಸಿಗದೆ ಹೋದವರಿಗೆ ಅದು. ಎಲ್ಲ ಮಣ್ಣು ಮಾಡಿದ ಮೇಲೆ ಊರಿನ ದೊಡ್ಡವರೊಬ್ಬರು ಮಾತಾಡಬೇಕು. ಪೆರಿಕ್ಲೀಸ್ ಅನ್ನುವವನು ಹಾಗೆ ಮಾತಾಡಿದ್ದನ್ನು ಜಗತ್ತೆಲ್ಲ ಹೊಗಳುತ್ತದೆ. ಇರಬಹುದು. ನನಗೆ ಭಾಷಣ ಉದ್ದ ಅನ್ನಿಸಿತು. ಖಾಲಿ ಮಂಚದ ಸಾಲು ಓದಿದ ಮೇಲೆ ಮಾತ್ರ ಪುಸ್ತಕ ಮಡಚಿಟ್ಟು ಹೊರಗೆ ಹೋಗಿ ಒಂದು ಟೀ ಕುಡಿದು ಬಂದೆ.

ಹೆಸರಿನ ಕಲ್ಲುಗಳಲ್ಲಿ ಒಂದು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 460ರ ಆಸುಪಾಸಿನದು. ಒಂದೇ ಪಂಗಡದ 170ಕ್ಕೂ ಜಾಸ್ತಿ ಹೆಸರು. ತಲೆಬರಹದಲ್ಲಿ ಎಲ್ಲೆಲ್ಲಿ ಸತ್ತರು ಅಂತ ಬರೆದಿದ್ದಾರೆ: ಸೈಪ್ರಸ್, ಈಜಿಪ್ಟ್, ಫಿನೀಷಿಯಾ, ಹಲಿಯೈ, ಈಜಿನಾ, ಮೆಗಾರ. ಕೊನೆಗೆ "ಒಂದೇ ವರ್ಷದಲ್ಲಿ" ಅಂತ. ಆಮೇಲೆ ಹೆಸರುಗಳು, ಒಂದರ ಕೆಳಗೊಂದು. ಅಪ್ಪನ ಹೆಸರಿಲ್ಲ, ಊರಿಲ್ಲ. ಮೂವತ್ತು ವರ್ಷ ವೇ ಬಿಲ್ ಬರೆದವನು ನಾನು. ಸ್ಟೇಜ್ ಹೆಸರು ಮೇಲೆ, ಲೆಕ್ಕ ಕೆಳಗೆ. ಆ ಕಲ್ಲಿನ ಫೋಟೋ ನೋಡಿದಾಗ ಅದೇ ಕಂಡಿತು. ಯಾವ ಸ್ಟೇಜಿನಲ್ಲಿ ಎಷ್ಟು ಜನ ಇಳಿದರು ಅನ್ನುವ ಲೆಕ್ಕ.

ಹೆಸರಿಗಾಗಿ ಜಗಳವೂ ಆಗಿದೆ. ಕ್ರಿ.ಪೂ. 479ರಲ್ಲಿ ಪ್ಲಾಟಿಯ ಅನ್ನುವ ಊರಿನ ಹತ್ತಿರ ಹಲವು ಊರುಗಳ ಗ್ರೀಕರು ಸೇರಿ ಪರ್ಷಿಯಾದವರನ್ನು ಸೋಲಿಸಿದರು. ಲೂಟಿಯ ದುಡ್ಡಿನಲ್ಲಿ ಡೆಲ್ಫಿಯ ದೇವಸ್ಥಾನಕ್ಕೆ ಮೂರು ಹಾವು ಹೆಣೆದುಕೊಂಡಿರುವ ಕಂಚಿನ ಕಂಬ, ಮೇಲೊಂದು ಚಿನ್ನದ ಮುಕ್ಕಾಲಿ ಒಪ್ಪಿಸಿದರು. ಸ್ಪಾರ್ಟಾದ ದಂಡನಾಯಕ ಪಾಸೇನಿಯಸ್ ಅದರ ಮೇಲೆ ಗೆದ್ದವನು ನಾನೇ ಅನ್ನುವ ಹಾಗೆ ತನ್ನ ಹೆಸರು ಹಾಕಿಸಿಕೊಂಡ. ಅವನ ಊರಿನವರೇ ಅದನ್ನು ಕೆರೆಸಿ, ಕಾದಾಡಿದ ಊರುಗಳ ಹೆಸರು ಬರೆಸಿದರು. ಒಟ್ಟು 31 ಹೆಸರು. ಆ ಕಂಬ ಈಗ ಇಸ್ತಾಂಬುಲ್‌ನಲ್ಲಿದೆ, ಹಾವಿನ ತಲೆಗಳು ಮುರಿದಿವೆ. ಇದನ್ನು ಓದುವಾಗ ಗ್ರಾನೈಟ್ ಹಲಗೆಯ ಮೂರನೇ ಹೆಸರು ನೆನಪಾಗದೆ ಇರುತ್ತದಾ ಹೇಳಿ.

ಆದರೆ ನಾನು ಎದ್ದು ಕೂತದ್ದು ಪ್ಲಾಟಿಯದವರು ವರ್ಷವರ್ಷ ಮಾಡುತ್ತಿದ್ದ ಕೆಲಸ ಓದಿದಾಗ. ಪ್ಲುಟಾರ್ಕ್ ಅನ್ನುವ ಹಳೇ ಗ್ರೀಕ್ ಲೇಖಕ ಬರೆದಿಟ್ಟಿದ್ದಾನೆ. ಅಲ್ಲಿನ ಊರ ಯಜಮಾನ ವರ್ಷವೆಲ್ಲ ಬಿಳಿ ಬಟ್ಟೆ ಬಿಟ್ಟು ಬೇರೆ ಉಡುವಂತಿಲ್ಲ, ಕಬ್ಬಿಣ ಮುಟ್ಟುವಂತಿಲ್ಲ. ಆ ಒಂದು ದಿನ ಮಾತ್ರ ಕೆಂಪು ಬಟ್ಟೆ ಉಟ್ಟು, ಕೈಯಲ್ಲಿ ಕತ್ತಿ ಹಿಡಿದು, ನೀರಿನ ಕೊಡ ತಗೊಂಡು ಸಮಾಧಿಗಳ ಹತ್ತಿರ ಹೋಗುತ್ತಾನೆ. ಮುಂದೆ ಕಹಳೆ, ಹಿಂದೆ ಹಾರ ತುಂಬಿದ ಗಾಡಿಗಳು, ಒಂದು ಕರೀ ಹೋರಿ. ಹುಡುಗರ ಕೈಯಲ್ಲಿ ಹಾಲು, ಎಣ್ಣೆ, ದ್ರಾಕ್ಷಿ ಮದ್ಯ. ಯಜಮಾನ ಊಟೆಯಿಂದ ನೀರು ತುಂಬಿ, ತನ್ನ ಕೈಯಾರೆ ಕಲ್ಲುಗಳನ್ನು ತೊಳೆದು ಪರಿಮಳದ ಎಣ್ಣೆ ಹಚ್ಚುತ್ತಾನೆ. ಹೋರಿ ಕಡಿದು, ಸತ್ತವರನ್ನು ಊಟಕ್ಕೆ ಕರೆಯುತ್ತಾನೆ. ಕಾಳಗ ಆಗಿ ಐನೂರು ವರ್ಷ ದಾಟಿದ ಮೇಲೆ, ಪ್ಲುಟಾರ್ಕನ ಕಾಲದಲ್ಲೂ ಇದು ನಡೆಯುತ್ತಿತ್ತು.

ನೀರು, ಹಾಲು, ಎಣ್ಣೆ. ಪುಸ್ತಕ ತಗೊಂಡು ಹೋಗಿ ಹೆಂಡತಿಗೆ ಓದಿ ಹೇಳಿದೆ. "ಅಮ್ಮ ಮಾಡೋದೂ ಇದೇ ತಾನೇ" ಅಂದಳು, ಸೊಪ್ಪು ಸೋಸುತ್ತಾ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

ನಮ್ಮ ತಾಲ್ಲೂಕಿನ ಹಲ್ಮಿಡಿ ಶಾಸನ ಎಲ್ಲರಿಗೂ ಗೊತ್ತು, ಸುಮಾರು ಕ್ರಿ.ಶ. 450ರದು, ಕನ್ನಡದ್ದು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಅದರಲ್ಲಿ ಏನಿದೆ ಅಂತ ಕೇಳಿದರೆ ಜಾಸ್ತಿ ಜನ ತಡವರಿಸುತ್ತಾರೆ. ನಾನೂ ಅವರಲ್ಲೊಬ್ಬನಾಗಿದ್ದೆ. ಯುದ್ಧದಲ್ಲಿ ಕಾದಿ ಗೆದ್ದವನಿಗೆ ಹಳ್ಳಿ ಬಿಟ್ಟುಕೊಟ್ಟ ಸಂಗತಿ ಅದು. ಆ ದತ್ತಿಗೆ ಶಾಸನದಲ್ಲಿರುವ ಹೆಸರು ಬಾಳ್ಗಳ್ಚು. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆಯುವುದು. ಇಲ್ಲೂ ತೊಳೆಯುವುದೇ!

ಹೋದ ಸೋಮವಾರ ತಂಗಿ ಮಗಳನ್ನು ಕರೆದುಕೊಂಡು ಹೆಂಡತಿಯ ಊರಿಗೆ ಹೋದೆ. ಎಷ್ಟೋ ಸಲ ನೋಡಿದ ಕಲ್ಲು, ಆವತ್ತೇ ಸರಿಯಾಗಿ ನೋಡಿದ್ದು. ಕೆಳಗಿನ ಅಂಕಣದಲ್ಲಿ ನಾಲ್ಕು ಹಸು, ಒಂದರ ಕೆಚ್ಚಲಿಗೆ ಕರು ಬಾಯಿ ಹಾಕಿದೆ. ಪಕ್ಕದಲ್ಲಿ ಬಿಲ್ಲು ಹಿಡಿದವನು, ಎದುರಿಗೆ ಮೂವರು. ದನಗಳ್ಳರನ್ನು ಅಡ್ಡಗಟ್ಟಿ ಸತ್ತವನು ಇವನು. ಮಧ್ಯದಲ್ಲಿ ಅಪ್ಸರೆಯರಿಬ್ಬರು ವಯಸ್ಸಾದವರನ್ನು ಬಸ್ ಹತ್ತಿಸುವ ಹಾಗೆ ಎರಡೂ ತೋಳು ಹಿಡಿದುಕೊಂಡಿದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ, ತಲೆಯ ಮೇಲೆ ಸೂರ್ಯ ಚಂದ್ರ. ಎಣ್ಣೆ ಕುಡಿದು ಕುಡಿದು ಕಲ್ಲು ಕಪ್ಪಗೆ ಮಿರಮಿರ ಅನ್ನುತ್ತಿತ್ತು.

ಅರಳಿ ಬೇರು ಎಬ್ಬಿಸಿ ಕಟ್ಟೆಯ ಒಂದು ಮೂಲೆ ಬಿರುಕು ಬಿಟ್ಟಿತ್ತು. ನಾನು ಚೀಲದಿಂದ ಉಳಿ ತೆಗೆದೆ. ಅತ್ತೆ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದರು.

"ಕಬ್ಬಿಣ ತಾಗಿಸ್ಬ್ಯಾಡಿ ಅಳಿಯಂದ್ರೇ. ಅವ್ನಿಗೆ ಆಗ್ಬರಲ್ಲ."

ತಂಗಿ ಮಗಳು ನನ್ನ ಮುಖ ನೋಡಿದಳು. ನಾನು ಉಳಿ ಒಳಗಿಟ್ಟೆ. ಬಿದಿರಿನ ಸೀಳು, ತೆಂಗಿನ ನಾರು ಇಟ್ಟುಕೊಂಡು ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕೆರೆದೆವು. ಸಡಿಲ ಇದ್ದಷ್ಟು ಎದ್ದು ಬಂತು, ಒಂದು ಗೇಣಿಗೂ ಕಮ್ಮಿ. ಅವಳು ನೀರು ಚಿಮುಕಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು, ಹಳೇ ಅಕ್ಷರ ಒಂದೊಂದೇ ಕೂಡಿಸಿದಳು.

"'ನ ಮಗ' ಅಂತಿದೆ ಮಾವ. ಇಂಥವನ ಮಗ ಅಂತ."

"ಯಾರ ಮಗನಂತೆ?" ಅತ್ತೆ ಬಗ್ಗಿ ನೋಡಿದರು.

"ಅಪ್ಪನ ಹೆಸರಿನ ಜಾಗ ಚಕ್ಕೆ ಎದ್ದಿದೆ ಅಜ್ಜಿ. ಇವನ ಹೆಸರು ಈ ಕಡೆ, ಇನ್ನೂ ಸಿಮೆಂಟಿನ ಒಳಗಿದೆ."

"ಸರಿ, ಏಳಿ ಮ್ಯಾಕೆ" ಅಂದರು ಅತ್ತೆ. "ಎಲ್ಲಾ ಗಲೀಜು ಮಾಡಿಟ್ಟಿದೀರಿ. ತೊಳೀಬೇಕು."