ಬಾದಾಮಿ, ಐಹೊಳೆ, ಪಟ್ಟದಕಲ್ಲು: ಶಾಸನ ನೋಡಲು ಹೋಗುವವರಿಗೆ

ನಮ್ಮ ಊರಿನ ಇತಿಹಾಸ ಬಳಗದಿಂದ ಡಿಸೆಂಬರ್‌ನಲ್ಲಿ ಹೋಗಿದ್ದೆವು. ಹದಿನಾಲ್ಕು ಜನ, ಒಂದು ಟೆಂಪೊ ಟ್ರಾವೆಲರ್, ಎರಡು ದಿನ. ಗುಡಿ ಎಲ್ಲರೂ ನೋಡ್ತಾರೆ, ನಾವು ಶಾಸನ ಹುಡುಕೋಣ ಅಂತ ಮೊದಲೇ ಮಾತಾಗಿತ್ತು.

ಐಹೊಳೆಯಲ್ಲೇ ಎಡವಿದೆವು. ದುರ್ಗ ಗುಡಿ, ಲಾಡ್‌ಖಾನ್ ಗುಡಿ ಅಂತ ಕೆಳಗೇ ಹೊತ್ತು ಕಳೆದು, ಮೇಗುಟಿ ಗುಡ್ಡ ಹತ್ತಿದಾಗ ನಡುಮಧ್ಯಾಹ್ನ. ಕವಿ ರವಿಕೀರ್ತಿ 634ರಲ್ಲಿ ಬರೆದ ಶಾಸನ ಇರುವುದು ಆ ಗುಡ್ಡದ ಮೇಲಿನ ಜೈನ ಬಸದಿಯ ಗೋಡೆಯ ಮೇಲೆ. ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಸುದ್ದಿ ಅದರಲ್ಲಿದೆ. ತಾನು ಕಾಳಿದಾಸ, ಭಾರವಿಯರ ಸಮ ಅಂತಲೂ ಕವಿ ಬರೆದುಕೊಂಡಿದ್ದಾನೆ. ಸಂಕೋಚದ ಆಸಾಮಿ ಅಲ್ಲ ಬಿಡಿ! ಬಿಸಿಲಿಗೆ ಬೆವರುತ್ತ ಐದು ನಿಮಿಷವೂ ನಿಲ್ಲಲಾಗಲಿಲ್ಲ. ನೀವು ಬೆಳಿಗ್ಗೆ ಮೊದಲು ಗುಡ್ಡ ಹತ್ತಿ, ಆಮೇಲೆ ಕೆಳಗಿನ ಗುಡಿಗಳು.

ಬಾದಾಮಿಯ ಮೂರನೇ ಗುಹೆಯಲ್ಲಿ ಪುಲಕೇಶಿಯ ಚಿಕ್ಕಪ್ಪ ಮಂಗಳೇಶನ 578ರ ಶಾಸನವಿದೆ. ಎದುರಿಗೇ ನಿಂತರೂ ಮೊದಲು ಏನೂ ಕಾಣಲಿಲ್ಲ. ನಮ್ಮ ಬಳಗದ ಹಿರಿಯ ಮೇಷ್ಟ್ರು ಟಾರ್ಚನ್ನು ಗೋಡೆಗೆ ತಾಗುವಷ್ಟು ಪಕ್ಕಕ್ಕೆ ಹಿಡಿದರು. ಓರೆ ಬೆಳಕಿಗೆ ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಬೆಳಕು ನೇರವಾಗಿ ಬಿದ್ದರೆ ಕೆತ್ತನೆಯಲ್ಲಿ ನೆರಳೇ ಇರೋದಿಲ್ಲ, ಅದಕ್ಕೇ ಕಾಣೋದಿಲ್ಲ. ಸೀಮೆಸುಣ್ಣ, ಪೌಡರ್ ಬಳಿಯುವ ಕೆಲಸ ಮಾತ್ರ ಬೇಡ, ಕಲ್ಲು ಹಾಳಾಗುತ್ತದೆ. ಅಂದಹಾಗೆ, ಕೈಯಲ್ಲಿ ತಿಂಡಿ ಪೊಟ್ಟಣ ಇಟ್ಟುಕೊಂಡು ಮೆಟ್ಟಿಲು ಹತ್ತಬೇಡಿ. ಕೋತಿಗಳಿಗೆ ನಾವು ಒಂದು ಚೀಲ ಕೊಟ್ಟು ಬಂದೆವು.

ಬಹಳ ಜನ ಬಿಟ್ಟುಬರುವುದು ಕಪ್ಪೆ ಅರಭಟ್ಟ ಎಂಬ ವೀರನ ಶಾಸನವನ್ನು. ಅದು ಬಾದಾಮಿಯ ಅಗಸ್ತ್ಯ ಕೆರೆಯ ಈಶಾನ್ಯ ಮೂಲೆಯ ಬಂಡೆಯ ಮೇಲಿದೆ. ದಾರಿ ಗೊತ್ತಾಗದಿದ್ದರೆ ಊರವರನ್ನೇ ಕೇಳಿ. ಲಿಪಿ ಹಳೆಯದು, ಸುಮ್ನೆ ನೋಡಿದರೆ ಓದಲಾಗದು. ನಾವು ಶಾಸನದ ಪಾಠವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಒಯ್ದಿದ್ದೆವು. ಸಾಲಿನಲ್ಲಿ ಬೆರಳಾಡಿಸುತ್ತ ‘ಸಾಧುಗೆ ಸಾಧು’ ಎಲ್ಲಿದೆ ಅಂತ ಹುಡುಕಲು ಅರ್ಧ ಗಂಟೆ ಹಿಡಿಯಿತು. ಸಿಕ್ಕಾಗ ಜೊತೆಗಿದ್ದ ಹುಡುಗಿ ಚಪ್ಪಾಳೆ ತಟ್ಟಿದಳು. ಶಾಲೆಯಲ್ಲಿ ಬಾಯಿಪಾಠ ಮಾಡಿದ ತ್ರಿಪದಿ ಕಲ್ಲಿನಲ್ಲೇ ಸಿಕ್ಕರೆ ಹಾಗಾಗುತ್ತೆ ಅಲ್ವಾ?

ಪಟ್ಟದಕಲ್ಲು ಬಾದಾಮಿಯಿಂದ ಸುಮಾರು 22 ಕಿ.ಮೀ. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿ ಗೆದ್ದ ನೆನಪಿಗೆ. ಕಟ್ಟಿದ ಗುಂಡ ಎಂಬ ಆಚಾರಿಯ ಹೆಸರೂ ಅಲ್ಲಿನ ಶಾಸನದಲ್ಲಿದೆ. ಅದನ್ನು ತಪ್ಪಿಸಿಕೊಳ್ಳಬೇಡಿ.

ಮೂರೂ ಊರನ್ನು ಒಂದೇ ದಿನಕ್ಕೆ ತುರುಕುವವರೇ ಜಾಸ್ತಿ. ಶಾಸನ ನೋಡಬೇಕಿದ್ದರೆ ಅದು ಆಗದ ಮಾತು. ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ನೆನಪಿರಲಿ. ರೈಲಿನಲ್ಲಿ ಬರುವವರಿಗೆ ಬಾದಾಮಿ ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ., ಆಟೊ ಬೇಕಾಗುತ್ತದೆ.

ಮುಂದಿನ ಭಾನುವಾರ ಬಳಗದವರು ನಮ್ಮೂರ ಕೆರೆ ಏರಿಯ ವೀರಗಲ್ಲಿನ ಹತ್ತಿರ ಸೇರುತ್ತೇವೆ. ಇಷ್ಟು ವರ್ಷ ಅದರಲ್ಲಿ ಬರಹವೇ ಇಲ್ಲ ಅಂದುಕೊಂಡಿದ್ದೆವು. ಮೇಷ್ಟ್ರು ಸಂಜೆ ಕತ್ತಲಾದ ಮೇಲೆ ಬನ್ನಿ, ಟಾರ್ಚ್ ತನ್ನಿ ಅಂದಿದ್ದಾರೆ.