ಕಪ್ಪು ಬಟ್ಟೆಯೊಳಗೆ ಬಿದ್ದ ಬೆಳಕು

ವರಮಹಾಲಕ್ಷ್ಮಿ ಹಬ್ಬದ ವಾರಕ್ಕೆ ಹೊಸೂರಿನ ಮಾರುಕಟ್ಟೆಗೆ ಸೇವಂತಿಗೆ ಕಳಿಸಬೇಕಾದರೆ, ಡೆಂಕಣಿಕೋಟೆ ಕಡೆಯ ನಮ್ಮ ಪಾಲಿಹೌಸಿನಲ್ಲಿ ಜೂನ್ ಮೊದಲರ್ಧದಲ್ಲೇ ಕಪ್ಪು ಬಟ್ಟೆ ಎಳೆಯತೊಡಗಬೇಕು. ಆ ದಿನಗಳಲ್ಲಿ ಇಲ್ಲಿ ಹಗಲೇ ಸುಮಾರು 13 ಗಂಟೆ. ಮುಂಜಾವು, ಮುಸ್ಸಂಜೆಗಳ ಬೆಳಕು ಬೇರೆ. ಎಡೆಬಿಡದ ದೀರ್ಘ ಕತ್ತಲೆಯಿಲ್ಲದೆ ಸೇವಂತಿಗೆ ಮೊಗ್ಗು ಕಟ್ಟುವುದಿಲ್ಲವಾದ್ದರಿಂದ ಸಂಜೆ 5.30ಕ್ಕೆ ಎಳೆದ ಬಟ್ಟೆಯನ್ನು ಬೆಳಿಗ್ಗೆ 6.30ಕ್ಕೆ ತೆಗೆಯುತ್ತೇವೆ. ನಮ್ಮ ತಳಿ ಕೊಯ್ಲಿಗೆ ಬರಲು ಅಲ್ಲಿಂದ 8 ವಾರ.

ನಾಲ್ಕನೆಯ ವಾರ ಉಳಿದೆಡೆ ಮೊಗ್ಗು ಕಾಣಿಸಿಕೊಂಡರೂ ಪಡುವಣ ಅಂಚಿನ 3 ಬೆಡ್ಡುಗಳ ಗಿಡಗಳು ಎಲೆ ಹಾಕುತ್ತ ಎತ್ತರಕ್ಕೆ ಹೋಗುತ್ತಲೇ ಇದ್ದವು. ನಾನು ಸಸಿ ಕೊಟ್ಟ ನರ್ಸರಿಯನ್ನು ಅನುಮಾನಿಸಿದೆ, ಡ್ರಿಪ್ಪಿನಲ್ಲಿ ರಂಜಕ, ಪೊಟ್ಯಾಷ್ ಇರುವ 0-52-34 ಗೊಬ್ಬರ ಬಿಡಿಸಿದೆ. ಬಟ್ಟೆ ಎಳೆಯುವ ಅಕ್ಕ, “ಸಾರ್, ಕಾವಲಿನ ಲೈಟು ಒಳಗೆ ಬೀಳ್ತದೆ, ಒಂದು ಸಲ ರಾತ್ರಿ ಬಂದು ನೋಡಿ” ಎಂದರು. ಸಂದಿಯಲ್ಲಿ ನುಸುಳುವ ಅಷ್ಟು ಬೆಳಕು ಏನು ಮಾಡೀತೆಂದು ನಾನು ತಳ್ಳಿಹಾಕಿದೆ. ಹಾಗೆ ಇನ್ನೂ 6 ದಿನ ಕಳೆದವು.

ಏಳನೆಯ ರಾತ್ರಿ 9 ಗಂಟೆಗೆ ಬಟ್ಟೆಯೊಳಗೆ ಹೋಗಿ ನಿಂತೆ. ಮೊದಲು ಏನೂ ಕಾಣಲಿಲ್ಲ. ಅಕ್ಕ ಹೇಳಿದ್ದು ತಪ್ಪೇ ಇರಬೇಕೆಂದು ಹೊರಡಲಿದ್ದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕಾಯಿತು. ಆಮೇಲೆ ನನ್ನ ಅಂಗೈಯ ಗೆರೆಗಳು ಕಂಡವು, ಹೊಲಿಗೆ ಬಿಟ್ಟ ಜಾಗದಿಂದ ಬೆಳಕು ಸರಿಯಾಗಿ ಆ ಮೂರು ಬೆಡ್ಡುಗಳ ಮೇಲೆ ಹರಡಿದ್ದೂ ಕಂಡಿತು. ಮೋಟಾರಿನ ವೈರು ಕಳವಾದ ಮೇಲೆ ಆಡಳಿತದವರು ಹಾಕಿಸಿದ ಫ್ಲಡ್‌ಲೈಟ್ ಅದು. ಹಾಕಿಸುವಾಗ ನಾನೂ ಅಲ್ಲೇ ಇದ್ದೆ.

ತಾಯಿಗಿಡಗಳು ಹೂವಿಗೆ ತಿರುಗದಿರಲೆಂದು ನಾವೇ ರಾತ್ರಿ 10ರಿಂದ 2ರವರೆಗೆ ಬಲ್ಬು ಉರಿಸುತ್ತೇವೆ. ಎಲೆಯಲ್ಲಿ ಬೆಳಕನ್ನು ಗುರುತಿಸುವ ವರ್ಣದ್ರವ್ಯ ಫೈಟೋಕ್ರೋಮ್ ಆ ಬೆಳಕನ್ನು ಗ್ರಹಿಸಿದರೆ ಗಿಡದ ಲೆಕ್ಕದಲ್ಲಿ ರಾತ್ರಿ ತುಂಡಾಗುತ್ತದೆ ಎಂಬುದನ್ನು ಹೊಸಬರಿಗೆ ಹೇಳಿಕೊಡುವವನು ನಾನೇ. ಅದೇ ಕೆಲಸವನ್ನು ಫ್ಲಡ್‌ಲೈಟ್ ಇಡೀ ರಾತ್ರಿ ಮಾಡುತ್ತಿತ್ತು. ರಿಜಿಸ್ಟರಿನಲ್ಲಿ ಬಟ್ಟೆ ಎಳೆದ ಹೊತ್ತು, ತೆಗೆದ ಹೊತ್ತು ಎರಡೂ ಸರಿಯಾಗಿದ್ದವು. ಒಳಗೆ ಕತ್ತಲೆ ಇದೆಯೇ ಎಂದು ಬರೆಯಲು ಅದರಲ್ಲಿ ಜಾಗವೇ ಇಲ್ಲ.

ದೀಪವನ್ನು ಆ ರಾತ್ರಿಯೇ ರಸ್ತೆಯ ಕಡೆಗೆ ತಿರುಗಿಸಿದೆವು. ಆ ಬೆಡ್ಡುಗಳ 8 ವಾರ ಅಲ್ಲಿಂದ ಹೊಸದಾಗಿ ಶುರುವಾಗಿ, ಹೂ ಕೊಯ್ಲಿಗೆ ಬಂದದ್ದು ಪಿತೃಪಕ್ಷದಲ್ಲಿ, ಮಾರುಕಟ್ಟೆಯಲ್ಲಿ ಕೇಳುವವರಿಲ್ಲದಾಗ. ಹೊಸ ಬಟ್ಟೆಗೆ ಬರೆದ ಇಂಡೆಂಟ್ ಇನ್ನೂ ಮಂಜೂರಾಗಿಲ್ಲ. ಬಿಟ್ಟ ಹೊಲಿಗೆಯನ್ನು ಅಕ್ಕನೇ ಹಾಕಿದ್ದಾರೆ.