ಬೆನ್ನಿಗೆ ಇಟ್ಟ ಒಂಬತ್ತು ಗುಂಡಿ

ಆ ಫ್ರಾಕಿನ ಬೆನ್ನಿಗೆ ಒಂಬತ್ತು ಗುಂಡಿ ಇಟ್ಟಿದ್ದೆ. ಮುತ್ತಿನಂಥ ಸಣ್ಣ ಗುಂಡಿಗಳು. ಒಂದೊಂದಕ್ಕೂ ಅದೇ ಬಟ್ಟೆಯ ಸಪೂರ ಲೂಪು, ಕೈಯಲ್ಲೇ ಹೊಲಿದದ್ದು. ಮುಗಿಯುವಾಗ ರಾತ್ರಿ ಹನ್ನೊಂದು ದಾಟಿತ್ತು. ಹ್ಯಾಂಗರಿಗೆ ಹಾಕಿ ದೂರ ನಿಂತು ನೋಡಿದೆ. ಇಷ್ಟು ಚಂದದ ಕೆಲಸ ನನ್ನ ಕೈಯಿಂದ ಇದುವರೆಗೆ ಆಗಿಲ್ಲ ಅನ್ನಿಸಿತು. ಆ ಗುಂಡಿಗಳೇ ಆಮೇಲೆ ಮೂರು ತಿಂಗಳ ಮಗುವನ್ನು ಅಳಿಸಿದವು.

ಮಂಗಳೂರಿನ ಕಂಕನಾಡಿಯಲ್ಲಿ ನನ್ನದೊಂದು ಚಿಕ್ಕ ಹೊಲಿಗೆ ಅಂಗಡಿ. ಎರಡು ಮೆಷಿನ್, ಒಂದು ಕಟಿಂಗ್ ಮೇಜು, ಅಷ್ಟೇ. ಬೆಂದೂರು, ವೆಲೆನ್ಸಿಯಾ, ಜೆಪ್ಪು, ಕುಲಶೇಖರ ಕಡೆಯ ಕ್ರೈಸ್ತ ಮನೆಯವರು ನನ್ನಲ್ಲಿಗೆ ಜಾಸ್ತಿ ಬರುತ್ತಾರೆ. ಮದುವೆಯ ಗೌನು, ಮಕ್ಕಳ ಮೊದಲ ಪರಮಪ್ರಸಾದದ ಫ್ರಾಕು, ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಂನ ಉಡುಪು, ಹೀಗೆ ಬಿಳಿ ಬಟ್ಟೆಯ ಕೆಲಸ ವರ್ಷವಿಡೀ ಇರುತ್ತದೆ. ಗಲ್ಫಿನಲ್ಲಿರುವವರು ರಜೆಗೆ ಬರುವ ಮೇ, ಡಿಸೆಂಬರ್ ತಿಂಗಳಲ್ಲಂತೂ ಊಟಕ್ಕೂ ಪುರುಸೊತ್ತಿಲ್ಲ.

ಈ ಫ್ರಾಕು ಹೊಲಿಸಿದ ಹುಡುಗಿ ತನ್ನ ಮದುವೆಯ ಗೌನನ್ನೇ ತಂದಿದ್ದಳು. ಮಗಳ ಬ್ಯಾಪ್ಟಿಸಂಗೆ ಇದರಿಂದಲೇ ಮಾಡಿಕೊಡಿ ಅಕ್ಕ ಅಂದಳು. ಗಂಡನಿಗೆ ಸಿಕ್ಕಿದ್ದು 15 ದಿನದ ರಜೆ, ನಡುವಿನ ಭಾನುವಾರವೇ ಕಾರ್ಯಕ್ರಮ. ದಪ್ಪ ಸ್ಯಾಟಿನ್, ಮೇಲೆ ನೆಟ್ಟು, ಕುತ್ತಿಗೆಗೆ ಲೇಸು. ಕತ್ತರಿ ಹಾಕಿದ ಮೇಲೆ ಮತ್ತೆ ಅದು ಗೌನು ಆಗುವುದಿಲ್ಲ ಅಲ್ವಾ? ಅದಕ್ಕೆ ಮೂರು ಸಲ ಕೇಳಿದೆ. ಮೂರು ಸಲವೂ ಹೂಂ ಅಂದಳು. ಕತ್ತರಿ ಸ್ಯಾಟಿನ್‌ನಲ್ಲಿ ಕರಕರ ಅಂತ ಹೋಗುವಾಗ ಮಾತ್ರ ಬಾಗಿಲ ಕಡೆ ಮುಖ ತಿರುಗಿಸಿ ನಿಂತಳು.

ಎಳೆ ಮಕ್ಕಳ ಬಟ್ಟೆಯಲ್ಲಿ ಒಂದು ಕಷ್ಟ ಉಂಟು. ಅವರ ತಲೆಯ ಸುತ್ತಳತೆಯೂ ಎದೆಯ ಸುತ್ತಳತೆಯೂ ಹೆಚ್ಚುಕಮ್ಮಿ ಒಂದೇ. ಈ ಮಗುವಿಗೆ ಎರಡೂ 16 ಇಂಚು. ಕುತ್ತಿಗೆ ಮಾತ್ರ ಸಣ್ಣದು. ಕುತ್ತಿಗೆಗೆ ಸರಿಯಾಗಿ ಹೊಲಿದರೆ ತಲೆ ತೂರುವುದಿಲ್ಲ, ಎಲ್ಲಾದರೂ ತೆರಪು ಬಿಡಲೇಬೇಕು. ನಾನು ಬೆನ್ನಿಗೆ ಬಿಟ್ಟೆ. ಮುಂದೆ ಲೇಸು ತುಂಡಾಗದೆ ಕೂತರೆ ಫೋಟೋಕ್ಕೆ ಚಂದ ಅಂತ. ಕುತ್ತಿಗೆಯನ್ನು ಮೈಗೆ ಅಂಟುವ ಹಾಗೆ ತೆಗೆದೆ.

ಸೋಮವಾರ ಮಗುವಿನ ಅಜ್ಜಿ ಅಂಗಡಿಗೆ ಬಂದರು. ನಾನು ಅವರನ್ನು ಬಾಯಮ್ಮ ಅಂತಲೇ ಕರೆಯುವುದು. ಮೊದಲು ಫ್ರಾಕು ಎಲ್ಲರಿಗೂ ಇಷ್ಟವಾಯಿತು ಅಂದರು. ಆಮೇಲೆ ಮೆಲ್ಲ ವಿಷಯ ಹೇಳಿದರು. ಪೂಜೆಯ ನಡುವೆ ಫಾದರ್ ಮಗುವಿನ ಎದೆಗೆ ಎಣ್ಣೆ ಹಚ್ಚಲು ಹೆಬ್ಬೆರಳು ಮುಂದೆ ತಂದಿದ್ದಾರೆ. ಫ್ರಾಕಿನ ಕುತ್ತಿಗೆ ಕೆಳಗೆ ಇಳಿಯುವುದೇ ಇಲ್ಲ. ಗಾಡ್‌ಮದರ್ ಮಗುವನ್ನು ಬೋರಲು ಹಾಕಿಕೊಂಡು ಗುಂಡಿ ಬಿಚ್ಚಲು ಹೊರಟಿದ್ದಾಳೆ. ಒಂದು ಬಿಚ್ಚಿದರೆ ಇನ್ನೊಂದು. ನಿದ್ದೆಯಲ್ಲಿದ್ದ ಮಗು ಎದ್ದು ಕಿರುಚಿದೆ. ಕೊನೆಗೆ ಅಪ್ಪನೇ ಫ್ರಾಕಿನ ಕುತ್ತಿಗೆಯನ್ನು ಎಳೆದು ಹಿಡಿದನಂತೆ.

‘ಫಾದರ್ ಏನೂ ಹೇಳಲಿಲ್ಲ, ಪಾಪ, ಕಾದು ನಿಂತ್ರು. ನೀನು ಬೇಜಾರು ಮಾಡ್ಬೇಡ. ಆದ್ರೆ ಒಮ್ಮೆ ಇಗರ್ಜಿಗೆ ಬಂದು ನೋಡು ಮಾರಾಯ್ತಿ’ ಅಂದರು.

ಹೊಲಿಗೆಯ ಹಣ ವಾಪಸ್ ಕೊಡಲು ಹೋದೆ. ಮುಟ್ಟಲಿಲ್ಲ. ಆ ದಿನ ಮಷಿನ್ ಮುಂದೆ ಕೂತರೂ ಕೆಲಸ ಸಾಗಲಿಲ್ಲ. ಅಷ್ಟು ವರ್ಷದಲ್ಲಿ ಎಷ್ಟೋ ಮಕ್ಕಳಿಗೆ ಈ ಬಟ್ಟೆ ಹೊಲಿದಿದ್ದೆ. ಒಂದೇ ಒಂದು ಸಲವೂ ಜ್ಞಾನಸ್ನಾನ ನೋಡಿರಲಿಲ್ಲ. ನಮ್ಮೂರಲ್ಲಿ ರೊಸಾರಿಯೊ ಇಗರ್ಜಿ 1568ರಿಂದ ಇದೆ, ಹಂಪನಕಟ್ಟೆಯ ಮಿಲಾಗ್ರಿಸ್ 1680ರಿಂದ. ಬಸ್ಸಲ್ಲಿ ಹೋಗುವಾಗ ದಿನಾ ಕಾಣುವ ಜಾಗಗಳು. ಒಳಗೆ ಮಗುವಿಗೆ ಏನು ಮಾಡುತ್ತಾರೆ ಅಂತ ಕೇಳಬೇಕು ಅಂತಲೇ ನನಗೆ ಹೊಳೆದಿರಲಿಲ್ಲ.

ಮುಂದಿನ ತಿಂಗಳು ಬಾಯಮ್ಮನ ತಂಗಿಯ ಮೊಮ್ಮಗನಿಗೆ ಜ್ಞಾನಸ್ನಾನ. ನನ್ನನ್ನೂ ಕರೆದರು, ಹೋದೆ. ಬಾಯಮ್ಮ ಪಕ್ಕದಲ್ಲೇ ಕೂತು ಒಂದೊಂದನ್ನೂ ಕಿವಿಯಲ್ಲಿ ಹೇಳುತ್ತಿದ್ದರು.

ಶುರುವಾಗುವುದು ಬಾಗಿಲಲ್ಲಿ. ಮಗುವಿಗೆ ಏನು ಹೆಸರಿಡುತ್ತೀರಿ ಅಂತ ಫಾದರ್ ಕೇಳುತ್ತಾರೆ. ಹಣೆಯ ಮೇಲೆ ಬೆರಳಿನಿಂದ ಶಿಲುಬೆಯ ಗುರುತು ಮಾಡುತ್ತಾರೆ. ಅಪ್ಪ, ಅಮ್ಮ, ಗಾಡ್‌ಫಾದರ್, ಗಾಡ್‌ಮದರ್ ಕೂಡ ಮಾಡುತ್ತಾರೆ. ಈ ಮಗುವಿನ ಟೊಪ್ಪಿ ಹುಬ್ಬಿನವರೆಗೆ ಇಳಿದಿತ್ತು, ಪ್ರತಿಯೊಬ್ಬರೂ ಅದನ್ನು ಮೇಲೆ ಸರಿಸಿಯೇ ಗುರುತು ಮಾಡಬೇಕಾಯಿತು. ವಾಚನ, ಪ್ರಾರ್ಥನೆ ಆದ ಮೇಲೆ ಎದೆಗೆ ಎಣ್ಣೆ. ಕುತ್ತಿಗೆಯಿಂದ ಎರಡು ಬೆರಳು ಕೆಳಗೆ, ಅಷ್ಟೇ ಜಾಗ ಬೇಕಾದದ್ದು. ಆಮೇಲೆ ನೀರು. ತಂದೆ, ಮಗ, ಪವಿತ್ರಾತ್ಮರ ಹೆಸರಲ್ಲಿ ಮೂರು ಸಲ ತಲೆಗೆ ಹೊಯ್ಯುತ್ತಾರೆ. ಆಗ ಟೊಪ್ಪಿ ಪೂರ್ತಿ ತೆಗೆಯಬೇಕು. ರಿಬ್ಬನ್ ಗಂಟು ಬಿಗಿದುಕೊಂಡಿತ್ತು, ಅಮ್ಮ ಹಲ್ಲಿನಿಂದ ಬಿಚ್ಚಿದಳು. ನೀರು ಕಿವಿಯ ಹಿಂದಿನಿಂದ ಇಳಿದು ಕಾಲರಿಗೆ ಹೋಯಿತು. ನಂತರ ನೆತ್ತಿಗೆ ಇನ್ನೊಂದು ಎಣ್ಣೆ, ಕ್ರಿಸ್ಮ. ಪವಿತ್ರ ವಾರದಲ್ಲಿ ಬಿಷಪರು ಪವಿತ್ರಗೊಳಿಸುವ ಎಣ್ಣೆ ಅದು, ಸುಗಂಧ ಬೆರೆಸಿರುತ್ತಾರೆ. ಎರಡನೇ ಬೆಂಚಿನಲ್ಲಿದ್ದ ನನಗೂ ಪರಿಮಳ ಬಂತು.

ಆಮೇಲೆ ಬಿಳಿ ಬಟ್ಟೆ. ಇದಕ್ಕೇ ಬಿಳಿ ಬಟ್ಟೆ ಅಂತ ನನಗೆ ಗೊತ್ತಾದದ್ದು ಆಗಲೇ. ಮಗು ಕ್ರಿಸ್ತನನ್ನು ಧರಿಸಿಕೊಂಡಿದೆ ಅನ್ನುವುದಕ್ಕೆ ಗುರುತು ಅದು, ಇದನ್ನು ಕಲೆಯಾಗದ ಹಾಗೆ ಕಾಪಾಡಿಕೋ ಅನ್ನುತ್ತಾರೆ ಅಂತ ಬಾಯಮ್ಮ ಹೇಳಿದರು. ಫೋಟೋಕ್ಕೆ ಅಂತ ಹೊಲಿದೆನಲ್ಲ ಅಂತ ಮನಸ್ಸಿಗೆ ತುಂಬಾ ತಟ್ಟಿತು. ಕೊನೆಗೆ ಪಾಸ್ಕದ, ಅಂದರೆ ಈಸ್ಟರಿನ, ದೊಡ್ಡ ಮೇಣದ ಬತ್ತಿಯಿಂದ ಅಪ್ಪ ಒಂದು ಚಿಕ್ಕ ಬತ್ತಿ ಹಚ್ಚಿಕೊಂಡು ಮಗುವಿನ ಹತ್ತಿರ ನಿಂತ. ನನ್ನ ಕಣ್ಣು ಮಾತ್ರ ಗಾಡ್‌ಮದರ್ ತೋಳಿನಿಂದ ಕೆಳಗೆ ಹರಡಿದ ನೆಟ್ಟಿನ ಮೇಲೇ ಇತ್ತು. ನೈಲಾನ್ ನೆಟ್ಟಿಗೆ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ.

ಊಟ ಮಾಡದೆ ಹೋಗಲು ಬಿಡಲಿಲ್ಲ. ಕೇಕ್ ಕಟ್ ಮಾಡಿ, ತೋಸ್ತ್ ಅನ್ನುವ ಹಾರೈಕೆಯ ಹಾಡು ಹಾಡಿ, ಇಡ್ಲಿಯಂಥ ಸಾನ್ನಾಂ ಜೊತೆ ಕೋಳಿ ಬಡಿಸಿದರು. ಮಗು ಅಷ್ಟರಲ್ಲಿ ಬನಿಯನ್ನಿನಲ್ಲಿ ನಿದ್ದೆ ಹೋಗಿತ್ತು.

ಮಾರನೇ ದಿನವೇ ನನ್ನ ಕಾಗದದ ಪ್ಯಾಟರ್ನ್ ಬದಲಾಯಿಸಿದೆ. ಈಗ ತೆರಪು ಮುಂದೆ, ಲೇಸಿನ ಅಡಿಯಲ್ಲಿ, ನಾಲ್ಕು ಇಂಚು. ಗುಂಡಿ ಬದಲು ಟಿಚ್ ಬಟನ್. ಎಳೆದರೆ ತೆರೆಯುತ್ತದೆ, ಒತ್ತಿದರೆ ಮುಚ್ಚುತ್ತದೆ, ಫೋಟೋದಲ್ಲಿ ಕಾಣುವುದೂ ಇಲ್ಲ. ಟೊಪ್ಪಿಯ ರಿಬ್ಬನ್ ಸುಮ್ನೆ ಅಲಂಕಾರ, ಗದ್ದದ ಅಡಿಯಲ್ಲಿ ಒಂದು ಟಿಚ್ ಸಾಕು. ಒಳಗಡೆ ಮೆತ್ತಗಿನ ಮಲ್ ಬಟ್ಟೆಯ ಲೈನಿಂಗ್, ನಮ್ಮ ಮೇ ತಿಂಗಳ ಸೆಕೆಗೆ ಸ್ಯಾಟಿನ್ ಮೈಗೆ ತಾಗಬಾರದು. ಬೆನ್ನಿನ ಭಾಗವಂತೂ ಪೂರ್ತಿ ಕಾಟನ್. ಸ್ಯಾಟಿನ್ ತೋಳಿನಿಂದ ಜಾರುತ್ತದೆ, ಆ ದಿನ ಮಗುವನ್ನು ಹಿಡಿಯುವವರಿಗೆ ಅಷ್ಟು ಅಭ್ಯಾಸವೂ ಇರುವುದಿಲ್ಲ. ಉದ್ದ ನೆಟ್ಟು ಬೇಕೇ ಬೇಕು ಅಂದರೆ ಬತ್ತಿ ಯಾವ ಕಡೆ ಹಿಡಿಯುತ್ತಾರೆ ಅಂತ ಹೇಳಿ ಎಚ್ಚರಿಸುತ್ತೇನೆ.

ಅಳತೆ ಪುಸ್ತಕದಲ್ಲಿ ಒಂದು ಸಾಲು ಹೊಸದಾಗಿ ಸೇರಿಸಿದ್ದೇನೆ: ಬಟ್ಟೆ ಹಾಕಿಕೊಂಡು ಏನು ಮಾಡಲಿಕ್ಕುಂಟು, ಯಾರು ಬಿಚ್ಚುವುದು. ಬ್ಲೌಸಿಗೂ ಕೇಳುತ್ತೇನೆ, ಶರ್ಟಿಗೂ ಕೇಳುತ್ತೇನೆ. ಮೊನ್ನೆ ಒಬ್ಬರು ಅಪ್ಪನಿಗೆ ಶರ್ಟು ಹೊಲಿಸಲು ಬಂದರು. ಕೇಳಿದ ಮೇಲೆ ಗೊತ್ತಾಯಿತು, ಅವರಿಗೆ ಪಾರ್ಶ್ವವಾಯು ಆಗಿ ಎಡಗೈ ಎತ್ತಲು ಬರುವುದಿಲ್ಲ, ಮಗಳೇ ಹಾಕಿಸುವುದು. ಎಡ ಕಂಕುಳಿನಿಂದ ಸೊಂಟದವರೆಗೆ ತೆರಪು ಬಿಟ್ಟು ಟಿಚ್ ಇಟ್ಟುಕೊಟ್ಟೆ.

ಎರಡು ವರ್ಷ ಕಳೆದು ಆ ಮದುವೆಯ ಗೌನಿನ ಹುಡುಗಿ ಮತ್ತೆ ಬಂದಳು. ಈ ಸಲ ಗಂಡು ಮಗು, ಫ್ರಾಕು ಅದೇ. ಬೆನ್ನಿನ ಒಂಬತ್ತೂ ಗುಂಡಿ ಕಿತ್ತು ತೆಗೆದು, ತೆರಪನ್ನು ಹೊಲಿದು ಮುಚ್ಚಿಬಿಟ್ಟೆ. ಮುಂದೆ ಕತ್ತರಿಸಲು ಸೀಮೆಸುಣ್ಣದ ಗೆರೆ ಎಳೆಯುವಾಗ ಕುತ್ತಿಗೆಯ ಅಂಚಿನಲ್ಲಿ ಹೆಬ್ಬೆರಳಿನಷ್ಟು ಹಳದಿ ಕಲೆ ಕಾಣಿಸಿತು. ಆ ದಿನದ ಎಣ್ಣೆ. ಪೌಡರ್ ಹಾಕಿ ಬಿಟ್ಟರೆ ಸ್ವಲ್ಪ ಹೋದೀತು, ತೆಗೆಯಲಾ ಅಂತ ಕೇಳಿದೆ.

‘ಬೇಡ ಅಕ್ಕ, ಅದು ಅವನ ಅಕ್ಕನದ್ದು. ಇರ್ಲಿ’ ಅಂದಳು.

ಗೆರೆಯನ್ನು ಅಳಿಸಿ ಅರ್ಧ ಇಂಚು ಪಕ್ಕಕ್ಕೆ ಎಳೆದು, ಅಲ್ಲಿಂದ ಕತ್ತರಿಸಿದೆ.